ದೂಮಣ್ಣನ ಹೆಸರಿಗೆ ಬಿದ್ದ ನಿಮಿಷ

ದೇಶದ ರ‍್ಯಾಲಿ ಚಾಂಪಿಯನ್ ಆದವಳು ತನ್ನದೇ ಸನ್ಮಾನಕ್ಕೆ ಬಸ್ಸು ಕಾದು ನಿಂತರೆ ನೋಡಿದವರು ಸುಮ್ಮನಿರುತ್ತಾರೆಯೇ? ಶನಿವಾರ ಬೆಳಿಗ್ಗೆ ಬೆಳ್ಮಣ್ಣಿನ ಬಸ್ ನಿಲ್ದಾಣದಲ್ಲಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ನಿಂತಿದ್ದ ಡೈನಾಳನ್ನು ಕಂಡು ಎದುರಿನ ಹೋಟೆಲಿನವರು, "ಕಾರು ಕೈ ಕೊಟ್ಟಿತಾ ಮಾರಾಯ್ತಿ?" ಎಂದು ಕೇಳಿಯೇ ಬಿಟ್ಟರು.

"ಕಾರು ಸರಿ ಉಂಟು. ನನಗೆ ಎಂಟು ನಲವತ್ತರ ಬಸ್ಸೇ ಆಗಬೇಕು," ಎಂದಳು ಡೈನಾ.

ಅವರು ನಕ್ಕು ಒಳಗೆ ಹೋದರು. ಡೈನಾಳಿಗೆ ನಗು ಬರಲಿಲ್ಲ. ಚಾರ್ಮಾಡಿ ಘಾಟಿಯಂಥ ತಿರುವುಗಳಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿಕೊಂಡು ಹೋಗುವಾಗಲೂ ಅವಳು ಇಷ್ಟು ಹೆದರಿದ್ದಿಲ್ಲ. ಎಂಟು ನಲವತ್ತರ ಬಸ್ಸಿನ ಕಂಡಕ್ಟರ್ ದೂಮಪ್ಪ, ಅವಳ ದೂಮಣ್ಣ. ಅವರಲ್ಲಿ ಅವಳು ಮುಖ ಕೊಟ್ಟು ಮಾತಾಡಿ ಐದು ವರ್ಷವಾಗಿತ್ತು. ಹನ್ನೊಂದು ಗಂಟೆಗೆ ಮಣಿಪಾಲದ ಸಭಾಂಗಣದಲ್ಲಿ ಸನ್ಮಾನ. ಅಷ್ಟರೊಳಗೆ ಅವರನ್ನು ಹೇಗಾದರೂ ಕರೆದುಕೊಂಡು ಹೋಗಿ ವೇದಿಕೆ ಹತ್ತಿಸಬೇಕು, ಐದು ವರ್ಷದಿಂದ ಹೇಳದೆ ಇಟ್ಟುಕೊಂಡ ಮಾತನ್ನು ಎಲ್ಲರೆದುರು ಹೇಳಬೇಕು. ಅವಳು ಹಾಕಿಕೊಂಡ ಲೆಕ್ಕ ಇಷ್ಟೇ.

ಬಸ್ಸು ಬಂತು. ಬಾಗಿಲಲ್ಲಿ ಅದೇ ಖಾಕಿ ಅಂಗಿ, ಅದೇ ಕಂಕುಳಿನ ಚೀಲ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿದೆ. ಅವಳನ್ನು ಕಂಡು ದೂಮಪ್ಪ ಒಂದು ಗಳಿಗೆ ತಡೆದರು. ಆಮೇಲೆ ಉಳಿದವರಿಗೆ ಹೇಳುವಂತೆಯೇ, "ಬೇಗ ಹತ್ತಿ, ಬೇಗ ಹತ್ತಿ," ಎಂದು ಬಸ್ಸಿನ ಮೈಗೆ ಎರಡು ಸಲ ಬಡಿದರು. ಬಸ್ಸು ಹೊರಟಿತು.

"ಎಲ್ಲಿಗೆ?"

"ಮಣಿಪಾಲಕ್ಕೆ, ದೂಮಣ್ಣ."

ಟಿಕೆಟು ಕೊಟ್ಟರು. ಚಿಲ್ಲರೆಯನ್ನೂ ಕೊಟ್ಟರು. ಅಷ್ಟೇ.

ಈ ಬಸ್ಸನ್ನು ಹದಿನೆಂಟು ವರ್ಷ ಓಡಿಸಿದವರು ಡೈನಾಳ ಅಪ್ಪ ಜೋಕಿಮ್. ಕಾರ್ಕಳದಿಂದ ಹೊರಟು ಬೆಳ್ಮಣ್, ಪಡುಬಿದ್ರಿ, ಕಾಪು, ಉಡುಪಿ, ಕೊನೆಗೆ ಏರು ಹತ್ತಿ ಮಣಿಪಾಲ. ಹದಿನೆಂಟು ವರ್ಷವೂ ಬಾಗಿಲಲ್ಲಿ ನಿಂತವರು ಎಲ್ಲೂರಿನ ದೂಮಪ್ಪ. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಟೈಮು ಎಂದರೆ ಏನೆಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಪ್ರತಿ ಪೇಟೆಯಲ್ಲೂ ಪುಸ್ತಕ ಹಿಡಿದ ಟೈಮ್‌ಕೀಪರ್ ಕುಳಿತಿರುತ್ತಾನೆ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ನಮ್ಮ ಜನ ಕದ್ದಿರಿ ಎಂದು ಹುಟ್ಟಿದ ಊರು ಬಿಡುವಷ್ಟು ಬೈಯುತ್ತಾರೆ. ಅದಕ್ಕೇ ಜೋಕಿಮ್ ತಮ್ಮ ಕೈಗಡಿಯಾರವನ್ನು ಯಾವಾಗಲೂ ಎರಡು ನಿಮಿಷ ಮುಂದೆ ಇಟ್ಟುಕೊಂಡಿದ್ದರು. ಬೇಗ ಬಂದರೆ ಯಾರೂ ಬೈಯುವುದಿಲ್ಲವಲ್ಲ.

ಶಾಲೆಗೆ ರಜೆ ಇದ್ದ ದಿನ ಡೈನಾ ಅಪ್ಪನ ಪಕ್ಕ, ಎಂಜಿನ್ನಿನ ಮುಚ್ಚಳದ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಿದ್ದಳು. ಯಾವ ಸದ್ದಿಗೆ ಯಾವ ಗೇರು ಎಂದು ಮಗ್ಗಿ ಕಲಿಯುವ ಮೊದಲೇ ಕಲಿತಳು. ಬಾಗಿಲಿನಿಂದ ದೂಮಣ್ಣ ಕೂಗುತ್ತಿದ್ದುದನ್ನೂ ಕಲಿತಳು. ಎಡಕ್ಕೆ ಸೈಕಲ್ ಉಂಟು, ಮೋರಿ ಉಂಟು, ಬರಲಿ, ಬರಲಿ, ಸಾಕು. ಅಪ್ಪ ಆ ಕಡೆಗೆ ಒಮ್ಮೆಯೂ ಕತ್ತು ತಿರುಗಿಸಿದವರಲ್ಲ. ದೂಮಣ್ಣ ಬರಲಿ ಎಂದರೆ ಬಸ್ಸು ಹೋಗುತ್ತಿತ್ತು, ಸಾಕು ಎಂದರೆ ನಿಲ್ಲುತ್ತಿತ್ತು.

ಇಪ್ಪತ್ತನೆಯ ವಯಸ್ಸಿನಲ್ಲಿ ಡೈನಾ ಮಣಿಪಾಲದಲ್ಲಿ ಕಾಲೇಜು ಹುಡುಗರು ಏರ್ಪಡಿಸಿದ ಕೆಸರು ಮೈದಾನದ ಸ್ಪರ್ಧೆಗೆ ಚಿಕ್ಕಪ್ಪನ ಹಳೆಯ ಮಾರುತಿ ತೆಗೆದುಕೊಂಡು ಹೋದಳು. ದೊಡ್ಡ ಟೈರು, ದೊಡ್ಡ ಕನ್ನಡಕ ಹಾಕಿಕೊಂಡು ಬಂದಿದ್ದವರನ್ನೆಲ್ಲ ಹಿಂದೆ ಹಾಕಿ ಬಂದಳು. ಅದೇ ವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡರು. ಅವರ ಕೈಗಡಿಯಾರ ಅವಳ ಕೈಗೆ ಬಂತು. ಎರಡು ನಿಮಿಷ ಮುಂದಿದ್ದ ಮುಳ್ಳನ್ನು ಹಿಂದಕ್ಕೆ ತಿರುಗಿಸಲು ಅವಳಿಗೆ ಮನಸ್ಸಾಗಲಿಲ್ಲ.

ರ‍್ಯಾಲಿಯಲ್ಲಿ ಚಾಲಕ ಒಬ್ಬನೇ ಹೋಗುವುದಿಲ್ಲ. ಎಡಗಡೆ ನ್ಯಾವಿಗೇಟರ್ ಕುಳಿತು ಮುಂದಿನ ತಿರುವನ್ನು ಓದಿ ಹೇಳಬೇಕು. ಇಪ್ಪತ್ತೆರಡು ವರ್ಷದ ಹುಡುಗಿಯ ಪಕ್ಕ ಕುಳಿತು ಕಾಡಿನ ರಸ್ತೆಯಲ್ಲಿ ಪ್ರಾಣ ಕೊಡಲು ಯಾರು ಬರುತ್ತಾರೆ? ನಾಲ್ಕು ಜನರನ್ನು ಕೇಳಿದಳು. ನಾಲ್ವರೂ ಆ ದಿನವೇ ತಮಗೆ ಮದುವೆ ಉಂಟು ಎಂದರು. ವಿಷಯ ಕೇಳಿ ದೂಮಣ್ಣ, "ಹೇಳುವ ಕೆಲಸ ತಾನೇ? ಹದಿನೆಂಟು ವರ್ಷ ನಿನ್ನ ಅಪ್ಪನಿಗೆ ಹೇಳಿದ್ದೇನೆ. ನಿನಗೆ ಹೇಳುವುದಕ್ಕೆ ಎಂತ?" ಎಂದರು. ಐವತ್ತು ದಾಟಿದ ಮನುಷ್ಯ ಪರೀಕ್ಷೆ ಕಟ್ಟಿ ಲೈಸೆನ್ಸು ಪಡೆದರು. ರಸ್ತೆಯ ಟಿಪ್ಪಣಿಯನ್ನು, ತಿರುವು ಎಷ್ಟು ಕಡಿದು ಎಂಬ ಅಂಕಿಯೊಂದಿಗೆ, ಹಳೆಯ ಟಿಕೆಟು ಪುಸ್ತಕಗಳ ಬೆನ್ನಿಗೆ ಬರೆದುಕೊಂಡರು. "ಬಲ ಮೂರು, ಮೋರಿ ಉಂಟು, ಗಟ್ಟಿ ಹಿಡಿ. ಎಡ ಐದು, ಬರಲಿ, ಬರಲಿ." ಇದನ್ನು ಕೇಳಿ ನಕ್ಕವರೆಲ್ಲ ಎರಡು ವರ್ಷದಲ್ಲಿ ಬಾಯಿ ಮುಚ್ಚಿಕೊಂಡರು. ಡೈನಾ ರಾಷ್ಟ್ರೀಯ ಪಟ್ಟಿಯಲ್ಲಿ ಮೇಲೇರುತ್ತ ಹೋದಳು.

ಆ ವರ್ಷದ ಕೊನೆಯ ರ‍್ಯಾಲಿ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ. ಡೈನಾ ಇಪ್ಪತ್ತೆರಡು ಸೆಕೆಂಡು ಮುಂದಿದ್ದಳು. ಕಷ್ಟದ ಹಾದಿಯೆಲ್ಲ ಮುಗಿದು ಉಳಿದದ್ದು ಕೊನೆಯ ಸಮಯ ಠಾಣೆ ಮಾತ್ರ. ಅಲ್ಲಿ ಮೇಜು ಹಾಕಿ ಕುಳಿತವನಿಗೆ ಸಮಯ ಬರೆಸುವ ಕಾರ್ಡನ್ನು ಸರಿಯಾಗಿ ನಾಲ್ಕು ಹನ್ನೆರಡಕ್ಕೆ ಕೊಡಬೇಕಿತ್ತು. ರ‍್ಯಾಲಿಯ ವಿಚಿತ್ರ ಏನೆಂದರೆ ಅಲ್ಲಿ ತಡವಾಗಿ ಬಂದವರಿಗಿಂತ ಬೇಗ ಬಂದವರಿಗೆ ದಂಡ ಜಾಸ್ತಿ. ಒಂದು ನಿಮಿಷ ಮೊದಲು ಕಾರ್ಡು ಕೊಟ್ಟರೆ ಇಡೀ ಒಂದು ನಿಮಿಷ ಹೊರೆ. ದೂಮಣ್ಣ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನ ಮೇಲಿನ ಗಡಿಯಾರ ನೋಡುತ್ತ, "ಇನ್ನೂ ಆಗಲಿಲ್ಲ, ಕೂರು," ಎಂದರು. ಡೈನಾ ತನ್ನ ಕೈ ನೋಡಿಕೊಂಡಳು. ನಾಲ್ಕು ಹದಿಮೂರು. ತಡವಾಯಿತು! ಬಸ್ಸಿನವರ ಮನೆಯಲ್ಲಿ ಹುಟ್ಟಿದವಳ ರಕ್ತದಲ್ಲೇ ಇದ್ದ ಹೆದರಿಕೆ ಅದು. ಅಪ್ಪನ ಎರಡು ನಿಮಿಷ ಆ ಹೊತ್ತಿಗೆ ನೆನಪಾಗಲಿಲ್ಲ. ದೂಮಣ್ಣನ ತೊಡೆಯಿಂದ ಕಾರ್ಡು ಕಿತ್ತುಕೊಂಡು ತನ್ನ ಕಿಟಕಿಯಿಂದ ಚಾಚಿಬಿಟ್ಟಳು. ಮೇಜಿನಲ್ಲಿದ್ದವನು ತಲೆ ಎತ್ತದೆ ನಾಲ್ಕು ಹನ್ನೊಂದು ಎಂದು ಬರೆದ.

ಮೂವತ್ತೆಂಟು ಸೆಕೆಂಡಿನಿಂದ ಪ್ರಶಸ್ತಿ ಹೋಯಿತು.

ವಿಚಾರಣೆಯ ಕೋಣೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ದೂಮಣ್ಣ, "ಕಾರ್ಡು ನನ್ನ ಜವಾಬ್ದಾರಿ. ನನ್ನಿಂದಲೇ ಅವಸರ ಆಯಿತು," ಎಂದರು. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಬಸ್ಸಿನ ಕಂಡಕ್ಟರ್ ಅಲ್ಲವೇ, ತಪ್ಪು ಮಾಡಿರುತ್ತಾನೆ. ಅವಳ ಕಾರಿನ ಖರ್ಚು ನೋಡಿಕೊಳ್ಳುತ್ತಿದ್ದ ಟೈರು ವ್ಯಾಪಾರಿಗಳು ಇನ್ನು ಮುಂದೆ ಓದಿದ ನ್ಯಾವಿಗೇಟರ್ ಬರುತ್ತಾನೆ ಎಂದರು. ಹೊರಗೆ ಬಂದ ಮೇಲೆ ದೂಮಣ್ಣ ಅವಳಿಗೆ ಹೇಳಿದ್ದು ಒಂದೇ ಮಾತು. "ನೀನು ಸುಮ್ಮನಿರು." ಸುಮ್ಮನಿರುವುದು ಎಷ್ಟು ಸುಲಭ! ಡೈನಾ ಸುಮ್ಮನಿದ್ದಳು.

ಮಣಿಪಾಲದ ಕ್ಲಾಯ್ಡ್ ಎಂಬ ಎಂಜಿನಿಯರ್ ಎಡಗಡೆಯ ಸೀಟಿಗೆ ಬಂದ. ಒಂದು ವರ್ಷ ಅವಳು ಮೂರನೆಯವಳು. ಮರುವರ್ಷ ಕೊಯಮತ್ತೂರಿನ ಬಳಿ ಕಾರು ಮೂರು ಪಲ್ಟಿ ಹೊಡೆದು ಹೆಗಲಿನ ಮೂಳೆ ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ದೂಮಣ್ಣ ಎರಡು ಎಳನೀರು ಬೊಂಡ ಹಿಡಿದುಕೊಂಡು ಬಂದಿದ್ದರು. ಬಾಗಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿ ಡೈನಾ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗಿದಳು. ಅವರು ಹತ್ತು ನಿಮಿಷ ಕುಳಿತು, ಅವಳ ಅಮ್ಮ ಪ್ಯಾಟ್ರಿಶಿಯಾರ ಹತ್ತಿರ ಮೆಲ್ಲಗೆ ಮಾತಾಡಿ ಹೋದರು. ಮೂಳೆ ಕೂಡಿತು. ನಾಚಿಕೆ ಹಾಗೇ ಉಳಿಯಿತು. ಈ ವರ್ಷ ಗೆದ್ದು ಕಪ್ ಎತ್ತಿ ಹಿಡಿದಾಗ ಅವಳಿಗೆ ಮೊದಲು ನೆನಪಾದದ್ದು ಆ ಎರಡು ಬೊಂಡ.

ಇದನ್ನೆಲ್ಲ ಹೇಳಬೇಕೆಂದೇ ಅವಳು ಬಾಗಿಲಿನ ಹತ್ತಿರದ ಸೀಟು ಹಿಡಿದದ್ದು. ಆದರೆ ಕಂಡಕ್ಟರಿಗೆ ಪುರುಸೊತ್ತು ಎಲ್ಲಿ? ಪಡುಬಿದ್ರಿಯವರೆಗೆ ಜನ ಹತ್ತಿದ್ದೇ ಹತ್ತಿದ್ದು. ಅಲ್ಲಿ ಏರಿದ ಕಾಲೇಜು ಹುಡುಗನೊಬ್ಬ, "ಏನು ‘ಒಂದು ನಿಮಿಷ’, ಇವತ್ತು ಸರಿಯಾದ ಟೈಮಿಗೆ ಬಂದಿರಾ?" ಎಂದ. ಸುತ್ತಲಿನವರು ನಕ್ಕರು. ದೂಮಣ್ಣನೂ ನಕ್ಕು ಅವನ ತಲೆಗೆ ಟಿಕೆಟು ಯಂತ್ರದಿಂದ ಮೊಟಕಿದರು.

ಡೈನಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಅಡ್ಡಹೆಸರು! ಐದು ವರ್ಷದಿಂದ ಈ ದಾರಿಯಲ್ಲಿ ಅವರಿಗೆ ಅದೇ ಹೆಸರು.

ಕಾಪುವಿನಲ್ಲಿ ಮೀನಿನ ಬುಟ್ಟಿಯೊಂದಿಗೆ ರತ್ನಾವತಿ ಹತ್ತಿದರು. ಬುಟ್ಟಿಯನ್ನು ಹಿಂದೆ ಇಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಡೈನಾಳ ಪಕ್ಕವೇ ಕುಳಿತರು. ಎರಡು ಸಲ ನೋಡಿದರು.

"ನೀನು ಡ್ರೈವರ್ ಜೋಕಿಮ್ ಪೊರ್ಬುಗಳ ಮಗಳಲ್ವಾ? ಪೇಪರಿನಲ್ಲಿ ಫೋಟೋ ಉಂಟು ನಿನ್ನದು."

"ಹೌದು ರತ್ನಕ್ಕ."

"ಒಳ್ಳೆಯದಾಯಿತು ಮಗಾ, ಊರಿಗೆ ಹೆಸರು ತಂದೆ." ಆಮೇಲೆ ದೂಮಣ್ಣನ ಕಡೆ ಗಲ್ಲ ತೋರಿಸಿ, ಇಡೀ ಬಸ್ಸಿಗೆ ಕೇಳುವಂತೆ, "ಈ ಜನವನ್ನು ಬಿಟ್ಟದ್ದೇ ನಿನಗೆ ಗುಣ ಆಯಿತು ನೋಡು. ಇವರು ಬಗಲಲ್ಲಿ ಇದ್ದಿದ್ದರೆ ನೀನು ಇನ್ನೂ ಎರಡನೆಯವಳೇ," ಎಂದರು.

ಬಸ್ಸಿನಲ್ಲಿ ನಗು ಎದ್ದಿತು. ರತ್ನಕ್ಕನ ಮಾತಿನಲ್ಲಿ ವಿಷವಿರಲಿಲ್ಲ. ದಿನವೂ ಒಟ್ಟಿಗೆ ಹೋಗುವವರ ತಮಾಷೆ ಅದು. ದೂಮಣ್ಣ, "ಹೌದು ಹೌದು, ಅದು ಸತ್ಯ," ಎಂದು ನಕ್ಕು ಮುಂದಿನವರಿಗೆ ಟಿಕೆಟು ಕೊಟ್ಟರು. ಆ ನಗುವನ್ನು ಡೈನಾಳಿಗೆ ಸಹಿಸಲಾಗಲಿಲ್ಲ. ಅವರ ಹೆಸರು ಹೋದದ್ದು ಮಣಿಪಾಲದ ಸಭಾಂಗಣದಲ್ಲಲ್ಲ, ಇಲ್ಲಿ. ಶಾಲು ಹೊದ್ದು ವೇದಿಕೆಯಲ್ಲಿ ನಿಂತು ಹೇಳಿದರೆ ಈ ರತ್ನಕ್ಕ ಕೇಳುತ್ತಾರೆಯೇ, ಈ ಹುಡುಗ ಕೇಳುತ್ತಾನೆಯೇ?

ಅವಳು ಎದ್ದು ಕಂಬಿ ಹಿಡಿದು ನಿಂತಳು.

"ಆ ದಿನ ಕಾರ್ಡು ಕೊಟ್ಟದ್ದು ಇವರಲ್ಲ, ನಾನು," ಎಂದಳು. ಧ್ವನಿ ಅವಳಿಗೇ ಜೋರೆನಿಸಿತು. "ಇವರು ಕೂರು, ಆಗಲಿಲ್ಲ ಅಂತ ಹೇಳಿದ್ದರು. ನಾನು ಇವರ ತೊಡೆಯ ಮೇಲಿಂದ ಕಿತ್ತುಕೊಂಡು ಕೊಟ್ಟೆ. ಆಮೇಲೆ ಇವರು ತಪ್ಪು ನನ್ನದು ಅಂತ ಹೇಳಿದರು, ನಾನು ಸುಮ್ಮನೆ ಕುಳಿತೆ. ಇವರು ಹಾಗೆ ಹೇಳದೆ ಇದ್ದಿದ್ದರೆ ನನಗೆ ಮರುದಿನ ಕಾರೇ ಇರುತ್ತಿರಲಿಲ್ಲ. ನಾನು ಗೆದ್ದದ್ದು ಇವರನ್ನು ಬಿಟ್ಟದ್ದಕ್ಕಲ್ಲ ರತ್ನಕ್ಕ. ಇವರು ಇದ್ದದ್ದಕ್ಕೆ. ಇನ್ನು ಇವರನ್ನು ಆ ಹೆಸರಿನಲ್ಲಿ ಕರೆಯಬೇಡಿ. ಕರೆಯಲೇಬೇಕೆಂದರೆ ನನ್ನನ್ನು ಕರೆಯಿರಿ."

ಚಾಲಕ ಯೋಗೀಶ್ ಹಾಡು ನಿಲ್ಲಿಸಿದ. ಹಿಂದಿನ ಸೀಟಿನಿಂದ ಒಬ್ಬರು ಎಂತ ಆಯಿತು, ಎಂತ ಆಯಿತು ಎಂದು ಕೇಳಿದರು. ದೂಮಣ್ಣ ಟಿಕೆಟು ಯಂತ್ರವನ್ನೇ ನೋಡುತ್ತ ನಿಂತಿದ್ದರು, ಅದರಲ್ಲಿ ಏನೋ ಕೆಟ್ಟುಹೋದ ಹಾಗೆ.

ಮೊದಲು ರೇಗಿದವರು ರತ್ನಕ್ಕ. ಅದೂ ಡೈನಾಳ ಮೇಲಲ್ಲ. "ನಿಮಗೆ ಬಾಯಿ ಇರಲಿಲ್ವಾ? ಐದು ವರ್ಷ ನಾವು ಇಷ್ಟು ಜನ ತಮಾಷೆ ಮಾಡುವಾಗ ಒಂದು ಸಲ ಹೇಳಬಹುದಿತ್ತಲ್ಲ? ನಮ್ಮನ್ನೂ ಪಾಪಕ್ಕೆ ಹಾಕಿದಿರಿ."

"ಹೇಳಿದ್ದರೆ ಇವಳನ್ನು ಕಾರಿನಿಂದ ಇಳಿಸುತ್ತಿದ್ದರು," ಎಂದರು ದೂಮಣ್ಣ. "ನನ್ನನ್ನು ಈ ಬಸ್ಸಿನಿಂದ ಯಾರು ಇಳಿಸುತ್ತಾರೆ?"

ಪಡುಬಿದ್ರಿಯ ಹುಡುಗ ಕಿಟಕಿಯ ಹೊರಗೆ ನೋಡತೊಡಗಿದ. ದೂಮಣ್ಣ ಬಂದು ಡೈನಾಳ ಸೀಟಿನ ಕಂಬಿಗೆ ಒರಗಿ ನಿಂತರು. ಮುಖದಲ್ಲಿ ಸಂತೋಷವೂ ಇತ್ತು, ಸಿಟ್ಟೂ ಇತ್ತು.

"ನನಗೆ ಆ ನಿಮಿಷದ ಬೇಸರ ಇಲ್ಲ ಮಾರಾಯ್ತಿ. ನೀನು ಮನೆಗೆ ಬರುವುದು ಬಿಟ್ಟೆಯಲ್ಲ, ಅದಕ್ಕೆ ಬೇಸರ. ಆಸ್ಪತ್ರೆಯಲ್ಲಿ ನಿನಗೆ ನಿದ್ದೆ ಬಂದಿರಲಿಲ್ಲ ಅಂತ ನನಗೆ ಗೊತ್ತುಂಟು."

ಡೈನಾಳಿಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯಿತು ದೂಮಣ್ಣ. ನಿಮ್ಮ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ. ಸಭೆಗೆ ಬನ್ನಿ, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೇ ಹೇಳುತ್ತೇನೆ."

"ಮಣಿಪಾಲದಿಂದ ನನಗೆ ವಾಪಸು ಟ್ರಿಪ್ ಉಂಟು. ಅಲ್ಲಿ ಕುಳಿತವರಿಗೆ ನನ್ನ ಗುರುತು ಉಂಟಾ?" ದೂಮಣ್ಣ ಬಸ್ಸಿನ ತುಂಬ ಒಮ್ಮೆ ಕಣ್ಣು ಹಾಯಿಸಿದರು. "ನನ್ನ ಸಭೆ ಇದು. ಇಲ್ಲಿ ಹೇಳಿದ್ದಿ, ಸಾಕು. ಒಂದು ಉಪದ್ರ ಉಂಟು ಈಗ. ಮನೆಯಲ್ಲಿ ನಳಿನಾಕ್ಷಿಗೂ ನಾನು ಇದನ್ನು ಹೇಳಿಲ್ಲ. ರತ್ನಕ್ಕನ ಬಾಯಿಂದ ಸಂಜೆಯೊಳಗೆ ಅವಳಿಗೆ ಮುಟ್ಟುತ್ತದೆ. ಅದಕ್ಕಿಂತ ಮೊದಲು ನೀನೇ ಹೋಗಿ ಹೇಳು."

ಉಡುಪಿಯಲ್ಲಿ ಇಳಿಯುವಾಗ ರತ್ನಕ್ಕ ದೂಮಣ್ಣನ ಹತ್ತಿರ ನಿಂತು ಏನನ್ನೋ ಹೇಳಹೊರಟು, ಹೇಳಲಾರದೆ, ಬುಟ್ಟಿಯಿಂದ ದೊಡ್ಡದೊಂದು ಅಂಜಲ್ ಮೀನು ತೆಗೆದು ಅವರ ಕೈಗೆ ತುರುಕಿ ಹೋದರು. ಅದನ್ನು ಹಿಡಿದುಕೊಂಡು ಟಿಕೆಟು ಕೊಡುವುದು ಹೇಗೆಂದು ತಿಳಿಯದೆ ದೂಮಣ್ಣ ಮಣಿಪಾಲದವರೆಗೆ ಪೇಚಾಡಿದರು.

ಸಭೆ ಎಲ್ಲ ಸಭೆಗಳ ಹಾಗೆಯೇ ನಡೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಉದ್ದದ ಭಾಷಣಗಳು. ಡೈನಾ ಬರೆದುಕೊಂಡು ಹೋಗಿದ್ದ ವಂದನೆಗಳ ಕಾಗದವನ್ನು ತೆಗೆಯಲೇ ಇಲ್ಲ. ಬಸ್ಸಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಟೈರು ವ್ಯಾಪಾರಿ ಕತ್ತು ಬಗ್ಗಿಸಿ ಕುಳಿತರು. ಕೆಳಗೆ ಬಂದ ಮೇಲೆ ಕ್ಲಾಯ್ಡ್, "ಸಮಯ ಠಾಣೆ ಬಂದಾಗಲೆಲ್ಲ ನೀನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದುದು ಯಾಕೆಂದು ಈಗ ಗೊತ್ತಾಯಿತು," ಎಂದ. ಬೇರೇನೂ ಕೇಳಲಿಲ್ಲ. ಅವಳಿಗೆ ಅವನ ಮೇಲೂ ಪ್ರೀತಿ ಉಕ್ಕಿತು.

ಊಟಕ್ಕೆ ನಿಲ್ಲದೆ ಅವಳು ಬಸ್ಸು ಹಿಡಿದು, ಉಚ್ಚಿಲದಲ್ಲಿ ಇಳಿದು, ರಿಕ್ಷಾದಲ್ಲಿ ಎಲ್ಲೂರಿಗೆ ಹೋದಳು. ಎರಡು ಗಂಟೆಯ ಬಿಸಿಲಿನಲ್ಲಿ ದೂಮಣ್ಣನ ಹೆಂಡತಿ ನಳಿನಾಕ್ಷಿ ತಲೆಗೆ ಬೈರಾಸು ಸುತ್ತಿಕೊಂಡು ಮಲ್ಲಿಗೆ ಗಿಡಗಳ ಬುಡದ ಹುಲ್ಲು ಕೀಳುತ್ತಿದ್ದರು. ಡೈನಾ ಹಣ್ಣಿನ ಬುಟ್ಟಿಯನ್ನು ಜಗಲಿಯಲ್ಲಿಟ್ಟು, ನಿಂತಲ್ಲೇ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ನಳಿನಾಕ್ಷಿ ಹುಲ್ಲು ಕೀಳುವುದನ್ನು ನಿಲ್ಲಿಸದೆ ಕೇಳಿದರು.

"ಗೊತ್ತುಂಟು," ಎಂದರು ಕೊನೆಗೆ.

"ದೂಮಣ್ಣ ಹೇಳಿದ್ದರಾ?"

"ಅವರು ಹೇಳುತ್ತಾರಾ? ನಮ್ಮ ಧಾರೆಯ ದಿನ ಭಟ್ಟರು ಆಗಬಹುದು ಎಂದರೂ, ಇನ್ನೂ ಎರಡು ನಿಮಿಷ ಉಂಟು ಅಂತ ಗಡಿಯಾರ ನೋಡಿಕೊಂಡು ನಿಂತ ಜನ. ಅಂಥವರು ಒಂದು ನಿಮಿಷ ಮೊದಲೇ ಕಾರ್ಡು ಕೊಟ್ಟರು ಅಂದರೆ ಊರು ನಂಬಬಹುದು, ನಾನು ನಂಬುತ್ತೇನಾ?"

ಅವರು ಎದ್ದು ಕೈಯ ಮಣ್ಣು ಕೊಡವಿಕೊಂಡರು. "ಹೆಸರು ಹೋದದ್ದಕ್ಕೆ ನನಗೆ ಅಷ್ಟು ಬೇಸರ ಇರಲಿಲ್ಲ ಮಗಾ. ನಿನ್ನ ರ‍್ಯಾಲಿ ಇದ್ದ ದಿನ ಅವರು ರಜೆ ಹಾಕಿ ಈ ಜಗಲಿಯಲ್ಲಿ ಮೊಬೈಲು ಹಿಡಿದುಕೊಂಡು ಕೂರುತ್ತಿದ್ದರು. ಅದರಲ್ಲಿ ನಿನ್ನ ಕಾರು ಬಂದ ಕೂಡಲೇ ಇಲ್ಲಿಂದಲೇ ಎಡ, ಬಲ, ಬರಲಿ, ಬರಲಿ ಅಂತ ಹೇಳುವುದು. ಐದು ವರ್ಷವೂ ಹಾಗೇ. ಕೇಳುವವರು ಯಾರೂ ಇರಲಿಲ್ಲ. ಅದನ್ನು ನೋಡುವುದಕ್ಕೆ ನನಗೆ ಆಗುತ್ತಿರಲಿಲ್ಲ."

ಡೈನಾ ಜಗಲಿಯ ಮೇಲೆ ಕುಳಿತು, ಸನ್ಮಾನದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಳಿನಾಕ್ಷಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟರು.

"ಕೈಕಾಲು ತೊಳೆದು ಒಳಗೆ ಬಾ, ಊಟ ಮಾಡು. ಅವರು ಬರುವಾಗ ಏಳು ಗಂಟೆ ಆಗುತ್ತದೆ. ಅಷ್ಟರವರೆಗೆ ಇಲ್ಲೇ ಇರು. ಉಳಿದದ್ದನ್ನು ಅವರೆದುರು ಅಳು, ಅವರಿಗೂ ಗೊತ್ತಾಗಲಿ."